ವಿದ್ಯಾರ್ಥಿ ಸಾಕ್ಷ್ಯಚಿತ್ರ ಮತ್ತು ಪ್ರೇಕ್ಷಕರ ಅಭಿಪ್ರಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಿಕೋದ್ಯಮ, ವಿದ್ಯುನ್ಮಾನ ಮಾಧ್ಯಮ, ಸಿನಿಮಾ ಓದುವ ವಿದ್ಯಾರ್ಥಿಗಳು ಕಿರು ಸಾಕ್ಷ್ಯಚಿತ್ರ ಮಾಡುವಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು, ಅವರು ಕೇಳುವ ಮಾತಿನಲ್ಲೇ, ಇಲ್ಲಿ ಕೊಟ್ಟಿದ್ದೇವೆ. ಉದಾಹರಣೆ ಬೇಕಾದಲ್ಲೆಲ್ಲ ಒಂದೇ ಚಿತ್ರವನ್ನು ಕಲ್ಪಿಸಿಕೊಂಡಿದ್ದೇವೆ: ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಕೈಮಗ್ಗದ ಸೀರೆ ನೇಯುವ ಒಂದು ಕುಟುಂಬದ ಮೇಲೆ 12 ನಿಮಿಷದ ಚಿತ್ರ.

## ತೋರಿಸುವ ಮೊದಲು

ಪೂರ್ತಿ ಎಡಿಟಿಂಗ್ ಮುಗಿಸಿ ತೋರಿಸಿದರೆ ಆಗಲ್ವಾ? ಅರ್ಧಂಬರ್ಧ ಚಿತ್ರ ತೋರಿಸೋಕೆ ನಾಚಿಕೆ ಆಗುತ್ತೆ.

ಪೂರ್ತಿ ಮುಗಿಸಿದ ಮೇಲೆ ತೋರಿಸಿದರೆ ಬಂದ ಮಾತನ್ನು ಬಳಸಿಕೊಳ್ಳಲು ಜಾಗವೇ ಉಳಿದಿರುವುದಿಲ್ಲ. ಬಣ್ಣ ತಿದ್ದಿ, ಸಂಗೀತ ಕೂರಿಸಿ, ಸಬ್‌ಟೈಟಲ್ ಹಾಕಿದ ಮೇಲೆ ಎರಡನೇ ದೃಶ್ಯವನ್ನು ಐದನೆಯದರ ನಂತರಕ್ಕೆ ಕಳಿಸಬೇಕೆಂದರೆ ಎಲ್ಲವನ್ನೂ ಬಿಚ್ಚಬೇಕು. ಆ ಕೆಲಸಕ್ಕೆ ಹೆದರಿ ತಂಡ ‘ಪ್ರೇಕ್ಷಕರಿಗೆ ಅರ್ಥ ಆಗಿಲ್ಲ ಅಷ್ಟೇ’ ಎಂದು ಸುಮ್ಮನಾಗುತ್ತದೆ.

ತೋರಿಸಲು ಸರಿಯಾದ ಸಮಯ ರಫ್ ಕಟ್. ಅಂದರೆ ಚಿತ್ರಕ್ಕೆ ಆದಿ, ನಡು, ಕೊನೆ ಇರಬೇಕು, ಮಾತು ಸ್ಪಷ್ಟವಾಗಿ ಕೇಳಬೇಕು. ಉದ್ದ ಅಂತಿಮ ಅಳತೆಗಿಂತ ಕಾಲು ಭಾಗ ಜಾಸ್ತಿ ಇದ್ದರೂ ತೊಂದರೆಯಿಲ್ಲ. 12 ನಿಮಿಷದ ಚಿತ್ರಕ್ಕೆ 15 ನಿಮಿಷದ ರಫ್ ಕಟ್ ಸಹಜ. ಬಣ್ಣ ಬೇಡ. ಆದರೆ ಧ್ವನಿಯನ್ನು ಒರಟಾಗಿಯಾದರೂ ಸಮ ಮಾಡಿಕೊಳ್ಳಿ. ಚಿತ್ರ ಮಸುಕಾಗಿದ್ದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಬೇರೆ ಯಾವುದರ ಬಗ್ಗೆಯೂ ಅಭಿಪ್ರಾಯ ಹೇಳುವುದಿಲ್ಲ.

ಸಲ್ಲಿಸುವ ದಿನದಿಂದ ಹಿಂದಕ್ಕೆ ಎಣಿಸಿ. ಮೊದಲ ಪ್ರದರ್ಶನ ಕನಿಷ್ಠ 3 ವಾರ ಮುಂಚೆ, ಎರಡನೆಯದು 10 ದಿನ ಮುಂಚೆ, ಧ್ವನಿ ಮತ್ತು ಸಬ್‌ಟೈಟಲ್ ಪರೀಕ್ಷೆ 4 ದಿನ ಮುಂಚೆ ಇರುವಂತೆ ದಿನ ಗೊತ್ತು ಮಾಡಿ.

ಎಷ್ಟು ಜನ ಬೇಕು? ನಮ್ಮ ಕ್ಲಾಸಿನವರೇ 40 ಜನ ಇದ್ದಾರಲ್ಲ.

ಒಂದು ಸುತ್ತಿಗೆ 6ರಿಂದ 10 ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಪ್ರತಿಯೊಬ್ಬರ ಮಾತು ಕೇಳಲು ಹೊತ್ತು ಸಾಲುವುದಿಲ್ಲ. ಮೂರಕ್ಕಿಂತ ಕಡಿಮೆಯಾದರೆ ಒಬ್ಬರ ಅಭಿರುಚಿಯೇ ಎಲ್ಲರ ತೀರ್ಪಿನಂತೆ ಕಾಣುತ್ತದೆ.

ಕ್ಲಾಸಿನವರು ಒಳ್ಳೆಯ ಪ್ರೇಕ್ಷಕರೇ, ಆದರೆ ಅವರಿಗೆ ನಿಮ್ಮ ಚಿತ್ರದ ಕಥೆ ಮೊದಲೇ ಗೊತ್ತು. ನೀವು ಇಳಕಲ್‌ಗೆ ಹೋಗಿದ್ದು, ಅಜ್ಜಿ ಮೊದಲ ದಿನ ಮಾತಾಡಲು ಒಪ್ಪದಿದ್ದದ್ದು, ಎಲ್ಲ ಕ್ಯಾಂಟೀನಿನಲ್ಲಿ ಕೇಳಿರುತ್ತಾರೆ. ಚಿತ್ರದಲ್ಲಿ ಇಲ್ಲದ್ದನ್ನೂ ಅವರು ತಲೆಯಲ್ಲೇ ತುಂಬಿಕೊಂಡು ನೋಡುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವಂತೆ ತಂಡಕ್ಕಂತೂ ಚಿತ್ರದ ಕೊರತೆ ಕಾಣುವುದೇ ಇಲ್ಲ. ಹಾಗಾಗಿ 8 ಜನರಲ್ಲಿ ಇಬ್ಬರು ಸಹಪಾಠಿಗಳು, ಇಬ್ಬರು ಬೇರೆ ವಿಭಾಗದವರು, ಇಬ್ಬರು 50 ದಾಟಿದವರು, ವಿಷಯ ಬಲ್ಲವರು ಒಬ್ಬರು, ಕನ್ನಡ ಬರದೆ ಸಬ್‌ಟೈಟಲ್ ನಂಬಿ ನೋಡುವವರು ಒಬ್ಬರು ಇರಲಿ.

ಒಮ್ಮೆ ನೋಡಿದವರನ್ನು ಎರಡನೇ ಸುತ್ತಿಗೆ ಕರೆಯಬೇಡಿ. ಮೊದಲ ಸಲದ ಗೊಂದಲ ಅವರಿಗೆ ಎರಡನೇ ಸಲ ಆಗುವುದಿಲ್ಲ, ನೀವು ಅದನ್ನು ‘ಸರಿಯಾಯಿತು’ ಎಂದು ತಪ್ಪು ತಿಳಿಯುತ್ತೀರಿ.

ಸಿನಿಮಾ ಬಗ್ಗೆ ಏನೂ ಗೊತ್ತಿಲ್ಲದವರು ಹೇಳೋದರಿಂದ ಏನು ಉಪಯೋಗ?

ಅವರಿಗೆ ‘ಪೇಸಿಂಗ್ (ಚಿತ್ರದ ಓಟ) ಸರಿಯಿಲ್ಲ’ ಎನ್ನಲು ಬರುವುದಿಲ್ಲ. ‘ಆ ಹುಡುಗ ಯಾರು, ಮಗನಾ ಕೆಲಸದವನಾ?’ ಎಂದು ಕೇಳಲು ಬರುತ್ತದೆ. ನಿಮಗೆ ಬೇಕಾಗಿರುವುದು ಆ ಪ್ರಶ್ನೆಯೇ. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆ 1973ರಲ್ಲಿ ಚಿತ್ರಸಮಾಜ ಕಟ್ಟಿ, ಜಗತ್ತಿನ ದೊಡ್ಡ ಚಿತ್ರಗಳನ್ನು ಮಲೆನಾಡಿನ ಹಳ್ಳಿಗರಿಗೆ ತೋರಿಸಿ ಚರ್ಚೆ ನಡೆಸಿತು. ನೋಡುವ ಶಕ್ತಿಗೂ ಪದವಿಗೂ ಸಂಬಂಧವಿಲ್ಲ ಎಂಬ ನಂಬಿಕೆ ಕರ್ನಾಟಕದಲ್ಲಿ ಹೊಸದೇನಲ್ಲ.

ಲಿಂಕ್ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ್ವಿ. ಎಲ್ಲರೂ ‘ಸೂಪರ್’, ಬೆಂಕಿ ಇಮೋಜಿ ಕಳಿಸಿದ್ರು. ಇದನ್ನ ಫೀಡ್‌ಬ್ಯಾಕ್ ಅನ್ನಬಹುದಾ?

ಇಲ್ಲ. ಅದು ಪ್ರೀತಿ, ಇಟ್ಟುಕೊಳ್ಳಿ. ಅದರಿಂದ ಒಂದು ಕಟ್ ಕೂಡ ಬದಲಾಗುವುದಿಲ್ಲ. ಜೊತೆಗೆ ಚಿತ್ರವನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅದು ಕುಗ್ಗಿ, ದಾರದ ಎಳೆ ಕಾಣಬೇಕಾದ ಕಡೆ ಚೌಕಚೌಕ ಕಾಣುತ್ತದೆ. ದೂರದವರಿಗೆ ತೋರಿಸಲೇಬೇಕಿದ್ದರೆ ಯೂಟ್ಯೂಬ್‌ನಲ್ಲಿ ‘ಅನ್‌ಲಿಸ್ಟೆಡ್’ ಆಗಿ ಹಾಕಿ, ಒಬ್ಬೊಬ್ಬರಿಗೇ ಕಳಿಸಿ. ನೋಡಿದ ಅದೇ ದಿನ ಫೋನ್ ಮಾಡಿ 10 ನಿಮಿಷ ಮಾತಾಡಿಸಿ. ಗ್ರೂಪಿನಲ್ಲಿ ಮೊದಲು ಬಂದ ಉತ್ತರವನ್ನೇ ಉಳಿದವರೂ ಹಿಡಿಯುತ್ತಾರೆ.

ಸಾರ್ವಜನಿಕವಾಗಿ ಮಾತ್ರ ಈಗಲೇ ಹಾಕಬೇಡಿ. ಕೆಲವು ಚಿತ್ರೋತ್ಸವಗಳು ಆನ್‌ಲೈನ್‌ನಲ್ಲಿ ಬಿಡುಗಡೆಯಾದ ಚಿತ್ರಗಳನ್ನು ತೆಗೆದುಕೊಳ್ಳುವುದಿಲ್ಲ.

## ಪ್ರದರ್ಶನದ ದಿನ

ಆ ದಿನ ಏನೇನು ರೆಡಿ ಇಟ್ಟುಕೊಳ್ಳಬೇಕು?

ಮೊದಲನೆಯದು, ಪರದೆಯ ಮೂಲೆಯಲ್ಲಿ ನಿಮಿಷ, ಸೆಕೆಂಡ್ ತೋರಿಸುತ್ತಾ ಓಡುವ ಟೈಮ್‌ಕೋಡ್. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ‘ವರ್ಕ್‌ಸ್ಪೇಸ್’ ಮೆನುವಿನ ‘ಡೇಟಾ ಬರ್ನ್-ಇನ್’ನಲ್ಲಿ ಸಿಗುತ್ತದೆ, ಪ್ರೀಮಿಯರ್ ತಂತ್ರಾಂಶದಲ್ಲಿ ಟೈಮ್‌ಕೋಡ್ ತೋರಿಸುವ ಎಫೆಕ್ಟ್ ಇದೆ. ಚಿಕ್ಕದಾಗಿ, ಮೇಲಿನ ಮೂಲೆಗೆ ಇಡಿ. ಕೆಳಗಿಟ್ಟರೆ ಸಬ್‌ಟೈಟಲ್‌ಗೆ ಅಡ್ಡ ಬರುತ್ತದೆ. ಇದರಿಂದ ‘ನಡುವೆ ಎಲ್ಲೋ ಬೋರ್ ಆಯ್ತು’ ಎನ್ನುವವರು ‘ನಾಲ್ಕು ನಿಮಿಷದ ಹತ್ತಿರ’ ಎನ್ನುತ್ತಾರೆ.

ಸೆಮಿನಾರ್ ಹಾಲ್‌ನಲ್ಲಿ ತೋರಿಸುವುದಾದರೆ ಮುಂಚಿನ ದಿನ ಅದೇ ಹೊತ್ತಿಗೆ ಹೋಗಿ ನೋಡಿ. ಸಂಜೆ 4ಕ್ಕೆ ಪಶ್ಚಿಮದ ಕಿಟಕಿಯಿಂದ ಬರುವ ಬಿಸಿಲು ಪರದೆಯ ಅರ್ಧ ನುಂಗುತ್ತದೆ, ಮಗ್ಗದ ಗುಂಡಿಯೊಳಗಿನ ಕತ್ತಲಿನ ಶಾಟ್‌ಗಳು ಬರೀ ಕಪ್ಪಾಗಿ ಕಾಣುತ್ತವೆ. ಲ್ಯಾಪ್‌ಟಾಪ್ ಸ್ಪೀಕರ್ ಸಾಲುವುದಿಲ್ಲ, ಹೊರಗಿನ ಸ್ಪೀಕರ್ ಬೇಕು. ಫ್ಯಾನ್ ಪೂರ್ತಿ ವೇಗದಲ್ಲಿದ್ದರೆ ಮೆತ್ತಗಿನ ಮಾತು ಕೇಳುವುದಿಲ್ಲ, ಎರಡಕ್ಕೆ ಇಳಿಸಿ. ಫೈಲನ್ನು ಲ್ಯಾಪ್‌ಟಾಪ್‌ಗೇ ಕಾಪಿ ಮಾಡಿಕೊಳ್ಳಿ, ಇಂಟರ್ನೆಟ್ ನಂಬಬೇಡಿ, ಬ್ಯಾಟರಿ ತುಂಬಿರಲಿ. ಚರ್ಚೆಯ ಧ್ವನಿ ದಾಖಲಿಸಲು ಒಂದು ಫೋನ್ ಮೇಜಿನ ಮೇಲೆ ಇಡಿ, ದಾಖಲಿಸುತ್ತಿದ್ದೇವೆ ಎಂದು ಎಲ್ಲರಿಗೂ ಮೊದಲೇ ಹೇಳಿ.

ಚಿತ್ರದ ಬಗ್ಗೆ ಪೀಠಿಕೆ ಹಾಕಬೇಡಿ. ‘ಇದು ನೇಕಾರರ ಕಷ್ಟದ ಚಿತ್ರ’ ಎಂದು ನೀವೇ ಹೇಳಿಬಿಟ್ಟರೆ ‘ಚಿತ್ರ ಏನು ಹೇಳುತ್ತೆ?’ ಎಂಬ ಪ್ರಶ್ನೆಗೆ ನಿಮ್ಮ ಮಾತೇ ವಾಪಸ್ ಬರುತ್ತದೆ. ‘ಇದಿನ್ನೂ ಮುಗಿದಿಲ್ಲ, ಬಣ್ಣ ಮತ್ತು ಸಂಗೀತ ತಾತ್ಕಾಲಿಕ’ ಎಂಬಷ್ಟು ಸಾಕು.

ಚಿತ್ರ ಓಡುವಾಗ ನಾವು ಏನು ಮಾಡ್ತಾ ಇರಬೇಕು?

ಪರದೆ ನೋಡಬೇಡಿ, ಜನರನ್ನು ನೋಡಿ. ತಂಡದ ಇಬ್ಬರು ಮುಂದಿನ ಸಾಲಿನ ಎರಡು ತುದಿಯಲ್ಲಿ, ಮುಖಗಳು ಕಾಣುವಂತೆ ಓರೆಯಾಗಿ ಕುಳಿತು, ಟೈಮ್‌ಕೋಡ್ ಸಮೇತ ಬರೆದುಕೊಳ್ಳಿ. ಒಬ್ಬರ ಟಿಪ್ಪಣಿಯನ್ನು ಇನ್ನೊಬ್ಬರು ನೋಡಬಾರದು. ಟಿಪ್ಪಣಿ ಹೀಗಿರಲಿ:

02:50 – ಪಕ್ಕದವರನ್ನು ಏನೋ ಕೇಳಿದರು
03:40 – ಇಬ್ಬರ ಕೈಯಲ್ಲಿ ಮೊಬೈಲ್ ಬೆಳಕು
05:12 – ಅಜ್ಜಿಯ ಮಾತಿಗೆ ನಗು, ಮುಂದಿನ ವಾಕ್ಯ ನಗುವಿನಲ್ಲಿ ಮುಳುಗಿತು
07:05 – ಎಲ್ಲರೂ ಅಲುಗಾಡದೆ ಕೂತಿದ್ದಾರೆ
10:20 – ಮುಗಿಯಿತೆಂದು ಇಬ್ಬರು ಎದ್ದರು

ಈ ಐದು ಸಾಲಿನಲ್ಲಿ ಎಷ್ಟು ಕೆಲಸವಿದೆ ನೋಡಿ. 02:50ರಲ್ಲಿ ಏನೋ ಅರ್ಥವಾಗಿಲ್ಲ. 05:12ರಲ್ಲಿ ನಗುವಿಗೆ ಒಂದೂವರೆ ಸೆಕೆಂಡ್ ಜಾಗ ಬಿಡಬೇಕು. 10:20 ಎಲ್ಲಕ್ಕಿಂತ ದೊಡ್ಡದು: ಚಿತ್ರ ಅಲ್ಲಿ ಮುಗಿದಿದೆ, ನೀವು ಮಾತ್ರ ಮುಂದುವರಿಸಿದ್ದೀರಿ. ದಾಕ್ಷಿಣ್ಯಕ್ಕೆ ಬಾಯಿ ‘ಚೆನ್ನಾಗಿದೆ’ ಎನ್ನಬಹುದು, ಕೈ ಮೊಬೈಲಿಗೆ ಹೋಗಿದ್ದು ಮಾತ್ರ ದಾಕ್ಷಿಣ್ಯದಿಂದಲ್ಲ.

ಯಾವ ಪ್ರಶ್ನೆ ಕೇಳಬೇಕು? ‘ಇಷ್ಟ ಆಯ್ತಾ?’ ಅಂದ್ರೆ ಎಲ್ಲರೂ ಹೂಂ ಅಂತಾರೆ.

ಹೂಂ ಅನ್ನದೆ ಇನ್ನೇನು ಅನ್ನುತ್ತಾರೆ, ಎದುರಿಗೇ ನಿಂತಿದ್ದೀರಲ್ಲ. ಇಷ್ಟಾನಿಷ್ಟ ಬಿಟ್ಟು, ಅವರಿಗೆ ಏನು ಮುಟ್ಟಿತು ಎಂದು ಕೇಳಿ. ಚಿತ್ರ ಮುಗಿದ ಕೂಡಲೇ, ಯಾರೂ ಬಾಯಿ ತೆರೆಯುವ ಮೊದಲು, ಒಂದು ಹಾಳೆ ಕೊಟ್ಟು 5 ನಿಮಿಷ ಬರೆಯಲು ಬಿಡಿ. ಹೆಸರು ಬೇಡ, ವಯಸ್ಸು ಮತ್ತು ಊರು ಸಾಕು. ಆರು ಪ್ರಶ್ನೆಗಳು:

1. ಈ ಚಿತ್ರ ಯಾವುದರ ಬಗ್ಗೆ? ಒಂದೇ ವಾಕ್ಯ.
2. ಚಿತ್ರದಲ್ಲಿ ಯಾರ್‍ಯಾರಿದ್ದರು, ಒಬ್ಬರಿಗೊಬ್ಬರು ಏನಾಗಬೇಕು?
3. ಎಲ್ಲಿ ಅರ್ಥವಾಗಲಿಲ್ಲ?
4. ಎಲ್ಲಿ ಗಮನ ಬೇರೆಡೆ ಹೋಯಿತು?
5. ಈಗ ಕಣ್ಣು ಮುಚ್ಚಿದರೆ ಕಾಣುವ ಒಂದು ದೃಶ್ಯ ಯಾವುದು?
6. ಇನ್ನೇನು ತಿಳಿಯಬೇಕಿತ್ತು?

ಮೊದಲನೆಯ ಪ್ರಶ್ನೆಯೇ ಚಿತ್ರದ ಆರೋಗ್ಯ ಹೇಳುತ್ತದೆ. ನಿಮ್ಮ ಚಿತ್ರ ‘ಮಗ ಮಗ್ಗ ಬಿಟ್ಟು ಹೋಗುತ್ತಾನಾ’ ಎಂಬುದರ ಮೇಲೆ ನಿಂತಿದ್ದು, 8ರಲ್ಲಿ 6 ಜನ ‘ಇಳಕಲ್ ಸೀರೆ ಮಾಡುವ ವಿಧಾನ’ ಎಂದು ಬರೆದರೆ ಶಾಟ್ ತಿದ್ದುವುದರಿಂದ ಏನೂ ಆಗದು, ರಚನೆಯನ್ನೇ ಮುಟ್ಟಬೇಕು. ಐದನೆಯದಕ್ಕೆ ಹೆಚ್ಚು ಜನ ಬರೆದ ದೃಶ್ಯವನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ.

ಚರ್ಚೆಯಲ್ಲಿ ಒಬ್ಬರೇ ಮಾತಾಡ್ತಾರೆ, ಅಥವಾ ಜಗಳ ಆಗುತ್ತೆ. ಹೇಗೆ ನಡೆಸೋದು?

ನಿರ್ದೇಶಕರು ಚರ್ಚೆ ನಡೆಸಬಾರದು, ತಂಡದ ಹೊರಗಿನ ಒಬ್ಬರು ನಡೆಸಲಿ. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲೆರ್ಮನ್ 1990ರ ಸುಮಾರಿಗೆ ರೂಪಿಸಿದ ನಾಲ್ಕು ಹೆಜ್ಜೆಯ ಕ್ರಮ ವಿದ್ಯಾರ್ಥಿ ಚಿತ್ರಗಳಿಗೂ ಚೆನ್ನಾಗಿ ಒಗ್ಗುತ್ತದೆ. ಮೊದಲು, ನೋಡಿದವರು ತಮಗೆ ಯಾವುದು ಅರ್ಥಪೂರ್ಣವಾಗಿ ಕಂಡಿತು ಎಂದು ಹೇಳುತ್ತಾರೆ. ಎರಡನೆಯದಾಗಿ, ಚಿತ್ರ ಮಾಡಿದವರು ತಮ್ಮ ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ, ನೋಡಿದವರು ಒಳಗೆ ತೀರ್ಪು ಅಡಗಿಸದ ಪ್ರಶ್ನೆ ಕೇಳುತ್ತಾರೆ. ಕೊನೆಗೆ, ‘ಸಂಗೀತದ ಬಗ್ಗೆ ನನಗೊಂದು ಅಭಿಪ್ರಾಯವಿದೆ, ಹೇಳಲಾ?’ ಎಂದು ಅನುಮತಿ ಪಡೆದು ಅಭಿಪ್ರಾಯ.

ಜನ ಎಡವುವುದು ಮೂರನೆಯದರಲ್ಲಿ. ‘ಯಾಕೆ ಅಷ್ಟುದ್ದ ಸಂದರ್ಶನ ಇಟ್ಟಿದ್ದೀರಿ?’ ಪ್ರಶ್ನೆಯಲ್ಲ, ಬೈಗುಳ. ‘ಆ ಸಂದರ್ಶನದಿಂದ ನಮಗೆ ಏನು ಮುಟ್ಟಬೇಕು ಅಂದುಕೊಂಡಿದ್ದಿರಿ?’ ಎಂದು ಅದನ್ನೇ ತಿರುಗಿಸುವುದು ನಡೆಸುವವರ ಕೆಲಸ.

ಉತ್ತರ ಕೊಡುವ ಚಟ ಬಿಡಿ. ‘ಆವತ್ತು ಮಳೆ ಬಂತು, ಅದಕ್ಕೇ ಆ ಶಾಟ್ ಹಾಗಿದೆ’ ಎಂದು ನೀವು ಶುರು ಮಾಡಿದ ಕ್ಷಣಕ್ಕೆ ಎದುರಿನವರು ಕರುಣೆಯಿಂದ ಬಾಯಿ ಮುಚ್ಚುತ್ತಾರೆ.

## ಬಂದ ಮಾತನ್ನು ಅರ್ಥ ಮಾಡಿಕೊಳ್ಳುವುದು

ಒಬ್ಬರು ‘ಲ್ಯಾಗ್’ ಅಂತಾರೆ, ಇನ್ನೊಬ್ಬರು ‘ಬೇಗ ಮುಗೀತು’ ಅಂತಾರೆ. ಯಾರ ಮಾತು ಕೇಳೋದು?

ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತೆ ಕಂಡರೂ ಬಹಳ ಸಲ ಇಬ್ಬರೂ ಒಂದೇ ದೋಷವನ್ನು ತೋರಿಸುತ್ತಿರುತ್ತಾರೆ. ಮೊದಲ 4 ನಿಮಿಷ ಇಳಕಲ್ ಊರು, ಬೀದಿ, ಇತಿಹಾಸ ಎಂದು ಕಳೆದು, ಕುಟುಂಬದ ಕಥೆ ಕೊನೆಯ 3 ನಿಮಿಷಕ್ಕೆ ತುರುಕಿದ್ದರೆ ಮೊದಲರ್ಧ ನೋಡಿದವರಿಗೆ ಲ್ಯಾಗ್, ಕೊನೆಗಾಗಿ ಕಾದವರಿಗೆ ಅವಸರ. ಟೈಮ್‌ಕೋಡ್ ಕೇಳಿದರೆ ಗುಟ್ಟು ಬಿಡುತ್ತದೆ.

ನಿಜವಾಗಿಯೂ ಒಂದೇ ದೃಶ್ಯದ ಮೇಲೆ ಎರಡು ಅಭಿಪ್ರಾಯವಿದ್ದರೆ, ಮೊದಲ ಪ್ರಶ್ನೆಗೆ ಯಾರು ಸರಿಯಾಗಿ ಉತ್ತರಿಸಿದ್ದಾರೆ ನೋಡಿ. ಚಿತ್ರ ಯಾವುದರ ಬಗ್ಗೆ ಎಂದು ತಿಳಿದವರ ದೂರಿಗೆ ಹೆಚ್ಚು ತೂಕ.

‘ಮ್ಯೂಸಿಕ್ ಜಾಸ್ತಿ ಆಯ್ತು’ ಅಂದ್ರು. ಕಡಿಮೆ ಮಾಡಿದ್ವಿ. ಮುಂದಿನ ಸಲನೂ ಅದೇ ಅಂದ್ರು!

ನೋಡುಗರು ನೋವು ಎಲ್ಲಿದೆ ಎಂಬುದನ್ನು ಸರಿಯಾಗಿ ತೋರಿಸುತ್ತಾರೆ. ಔಷಧಿಯ ಹೆಸರು ಹೇಳಿದಾಗ ಮಾತ್ರ ಅದನ್ನು ಹಾಗೆಯೇ ನುಂಗಬೇಡಿ, ಕಾರಣ ಹುಡುಕುವುದು ನಿಮ್ಮ ಕೆಲಸ.

ಇಲ್ಲಿ ಅವರು ಹೇಳುತ್ತಿರುವುದು ‘ಮಾತು ಕೇಳುತ್ತಿಲ್ಲ’ ಎಂದು. ಕಾರಣ ಸಂಗೀತವೇ ಆಗಬೇಕಿಲ್ಲ. ನೇಕಾರರನ್ನು ಓಡುತ್ತಿರುವ ಮಗ್ಗದ ಪಕ್ಕದಲ್ಲೇ ಕೂರಿಸಿ, ಕ್ಯಾಮೆರಾದ ಮೈಕಿನಲ್ಲೇ ಮಾತು ಹಿಡಿದಿದ್ದರೆ, ಪ್ರತಿ ಏಟಿಗೂ ಒಂದು ಅಕ್ಷರ ಮುಳುಗುತ್ತದೆ. ಸಂಗೀತ ಪೂರ್ತಿ ತೆಗೆದರೂ ದೂರು ನಿಲ್ಲುವುದಿಲ್ಲ.

ಪರೀಕ್ಷೆ ಸರಳ. ಸಂಗೀತದ ಟ್ರ್ಯಾಕ್ ಮ್ಯೂಟ್ ಮಾಡಿ, ಚಿತ್ರ ನೋಡದ ಒಬ್ಬರಿಗೆ ಕಣ್ಣು ಮುಚ್ಚಿಸಿ ಆ ಭಾಗ ಕೇಳಿಸಿ, ಕೇಳಿದ್ದನ್ನು ಹೇಳಲು ಹೇಳಿ. ಎಲ್ಲ ಸರಿಯಾಗಿ ಹೇಳಿದರೆ ತಪ್ಪು ಸಂಗೀತದ್ದು: ಎಡಿಟಿಂಗ್ ತಂತ್ರಾಂಶದ ಮೀಟರಿನಲ್ಲಿ ಮಾತಿನ ಗರಿಷ್ಠ ಮಟ್ಟ -12ರಿಂದ -6 ಡೆಸಿಬೆಲ್ ನಡುವೆ ಇರಲಿ, ಮಾತಿನ ಕೆಳಗಿನ ಸಂಗೀತ ಅದಕ್ಕಿಂತ 15ರಿಂದ 20 ಡೆಸಿಬೆಲ್ ತಗ್ಗಿರಲಿ, ಸಂಗೀತದಲ್ಲಿ 2ರಿಂದ 4 ಕಿಲೋಹರ್ಟ್ಸ್ ಪಟ್ಟಿಯನ್ನು 3–4 ಡೆಸಿಬೆಲ್ ತಗ್ಗಿಸಿ, ವ್ಯಂಜನಗಳ ಸ್ಪಷ್ಟತೆ ಬಹುಪಾಲು ಅಲ್ಲೇ ಇರುವುದು. ಹಾಡಿನ ಸಾಹಿತ್ಯವಿರುವ ಸಂಗೀತವನ್ನಂತೂ ಮಾತಿನ ಕೆಳಗೆ ಇಡಲೇಬೇಡಿ.

ಹೇಳಲು ತಡವರಿಸಿದರೆ ತಪ್ಪು ರೆಕಾರ್ಡಿಂಗಿನದು. 80 ಹರ್ಟ್ಸ್ ಕೆಳಗಿನ ಗುಂಯ್‌ಗುಡುವಿಕೆ ಕತ್ತರಿಸಬಹುದು, ಆದರೆ ಮಗ್ಗದ ಟಕ್‌ಟಕ್ ಮಾತಿನ ಪಟ್ಟಿಯಲ್ಲೇ ಇರುವುದರಿಂದ ಫಿಲ್ಟರ್‌ಗೆ ಪೂರ್ತಿ ಸಿಗುವುದಿಲ್ಲ. ಮಗ್ಗ ನಿಲ್ಲಿಸಿ, ಕಾಲರ್ ಮೈಕ್ ಹಾಕಿ, ಅದೇ ವಿಷಯ ಮತ್ತೆ ಮಾತಾಡಿಸಿ, ಆ ಧ್ವನಿಯನ್ನು ನೇಯುವ ದೃಶ್ಯಗಳ ಮೇಲೆ ಇಡಿ. ಬಾಯಿ ಕಾಣದ ಶಾಟ್ ಆರಿಸಿ.

‘ಲ್ಯಾಗ್’ ಅಂದ ಕಡೆ ಕತ್ತರಿಸಿದ್ವಿ, ಈಗ ಏನೂ ಅರ್ಥ ಆಗ್ತಿಲ್ಲ ಅಂತಾರೆ. ಯಾಕೆ?

ಬೇಸರಕ್ಕೆ ಉದ್ದವೊಂದೇ ಕಾರಣವಲ್ಲ. ಎದುರಿಗಿರುವುದು ಏನೆಂದು ತಿಳಿಯದಿದ್ದಾಗಲೂ ಕಣ್ಣು ದಣಿಯುತ್ತದೆ. ಇಳಕಲ್ ಸೀರೆಯ ಉದಾಹರಣೆಯನ್ನೇ ನೋಡಿ. ಒಡಲಿನ ಹಾಸು (ಉದ್ದಕ್ಕೆ ಬಿಗಿದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಈ ಸೀರೆಯ ವಿಶೇಷವೇ ಅದು. ನೀವು ಅದನ್ನು 4 ಸೆಕೆಂಡಿನ ದೂರದ ಶಾಟ್‌ನಲ್ಲಿ ತೋರಿಸಿ, ಮೇಲೆ ನಿರೂಪಣೆಯಲ್ಲಿ ಇನ್ನೇನೋ ಹೇಳುತ್ತಿದ್ದರೆ, ನೋಡುಗರಿಗೆ ಕಾಣುವುದು ದಾರ ಹಿಡಿದ ಕೈ ಮಾತ್ರ. ‘ಲ್ಯಾಗ್’ ಎಂಬ ಮಾತು ಹುಟ್ಟುವುದು ಅಲ್ಲಿ. ನೀವು ಅದನ್ನು 2 ಸೆಕೆಂಡಿಗೆ ಇಳಿಸಿದರೆ ಕೈಯೂ ಉಳಿಯುವುದಿಲ್ಲ.

ಅದೇ ಕೆಲಸವನ್ನು ಹತ್ತಿರದಿಂದ, 10ರಿಂದ 12 ಸೆಕೆಂಡ್, ಒಂದು ಕೊಂಡಿ ಶುರುವಾಗಿ ಮುಗಿಯುವವರೆಗೆ, ನಿರೂಪಣೆಯಿಲ್ಲದೆ ಇಟ್ಟು ನೋಡಿ. ಹೆಬ್ಬೆರಳು ಎಳೆಯನ್ನು ಒತ್ತಿ ಹಿಡಿಯುತ್ತದೆ, ಇನ್ನೊಂದು ಎಳೆ ಅದರೊಳಗೆ ತೂರುತ್ತದೆ, ಬೆರಳ ತುದಿ ಎಳೆದು ಬಿಗಿ ಮಾಡುತ್ತದೆ. ನಂತರ ಸಾಲಾಗಿ ಕಾಯುತ್ತಿರುವ ಎಳೆಗಳ ಮೇಲೆ ಒಂದು ಅಗಲ ಶಾಟ್. ಚಿತ್ರ 8 ಸೆಕೆಂಡ್ ಉದ್ದವಾಯಿತು, ‘ಲ್ಯಾಗ್’ ಮಾಯವಾಯಿತು.

ಹಾಗೆಂದು ಎಲ್ಲ ಉದ್ದವೂ ಒಳ್ಳೆಯದಲ್ಲ. ಮಾತಿನಲ್ಲಿ ಕೇಳಿದ್ದನ್ನೇ ಮತ್ತೆ ಚಿತ್ರದಲ್ಲಿ, ಚಿತ್ರದಲ್ಲಿ ಕಂಡಿದ್ದನ್ನೇ ಮತ್ತೆ ನಿರೂಪಣೆಯಲ್ಲಿ ಹೇಳುತ್ತಿದ್ದರೆ ಒಂದನ್ನು ನಿರ್ದಾಕ್ಷಿಣ್ಯವಾಗಿ ತೆಗೆಯಿರಿ. ಸಾಮಾನ್ಯವಾಗಿ ಹೋಗಬೇಕಾದದ್ದು ನಿರೂಪಣೆ.

‘ಕಣ್ಣಿಗೆ ಕಿರಿಕಿರಿ’ ಅಂದ್ರು. ಫೋಕಸ್ ಸರಿಯಾಗೇ ಇದೆಯಲ್ಲ?

ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಕೆಳಗೆ ಫೋನಿನಲ್ಲಿ ತೆಗೆದ ಶಾಟ್ ಆಗಿದ್ದರೆ ಅದು ಬೆಳಕಿನ ಮಿಣುಕು. ನಮ್ಮ ವಿದ್ಯುತ್ 50 ಹರ್ಟ್ಸ್. ಶಟರ್ 1/60 ಇದ್ದರೆ ತೆಳ್ಳಗೆ ಪಟ್ಟೆಗಳು ಹರಿದಾಡುತ್ತವೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಅಥವಾ 1/100 ಇಟ್ಟು ಮರುಚಿತ್ರೀಕರಣ ಮಾಡುವುದೇ ಒಳ್ಳೆಯ ಪರಿಹಾರ. ಮಿಣುಕು ತಗ್ಗಿಸುವ ಡಿಫ್ಲಿಕರ್ ಎಫೆಕ್ಟ್ ಅಷ್ಟಿಷ್ಟು ಮುಚ್ಚುತ್ತದೆ, ಆದರೆ ಸೂಕ್ಷ್ಮ ನೇಯ್ಗೆಯ ವಿವರವನ್ನೂ ತಿನ್ನುತ್ತದೆ.

ಇಳಕಲ್ ಕಡೆ ಮಾತು ಮೈಸೂರಿನವರಿಗೆ ಅರ್ಥ ಆಗಿಲ್ಲ. ಕನ್ನಡಕ್ಕೆ ಕನ್ನಡ ಸಬ್‌ಟೈಟಲ್ ಹಾಕೋದು ಅವಮಾನ ಅಲ್ವಾ?

ಹೇಗೆ ಹಾಕುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಅವರು ‘ಹೊಂಟೀನಿ’ ಎಂದರೆ ಅಕ್ಷರದಲ್ಲೂ ‘ಹೊಂಟೀನಿ’ ಇರಲಿ. ಅದನ್ನು ‘ಹೊರಟಿದ್ದೇನೆ’ ಎಂದು ತಿದ್ದಿದರೆ ಆ ಮನುಷ್ಯನ ಮಾತು ತಪ್ಪು ಎಂದ ಹಾಗಾಗುತ್ತದೆ. ಬಹುತೇಕ ನೋಡುಗರಿಗೆ ಕಿವಿಗೆ ತಪ್ಪಿದ್ದು ಕಣ್ಣಿಗೆ ಸಿಕ್ಕರೆ ಅಷ್ಟೇ ಸಾಕು, ಅರ್ಥ ತಾನೇ ಹೊಳೆಯುತ್ತದೆ. ಮೊದಲ ಸುತ್ತಿನಲ್ಲಿ ಕನ್ನಡ ಸಬ್‌ಟೈಟಲ್ ಇಲ್ಲದೆ ತೋರಿಸಿ, ಯಾವ ವಾಕ್ಯಗಳು ತಪ್ಪಿಹೋದವು ಎಂದು ಗುರುತಿಸಿಕೊಳ್ಳಿ. ಮೂರ್ನಾಲ್ಕು ಮಾತ್ರ ಆದರೆ ಅವಕ್ಕಷ್ಟೇ ಹಾಕುವ ಬದಲು ಆ ಮಾತಿನ ಧ್ವನಿಯನ್ನೇ ಶುದ್ಧ ಮಾಡಿ. ಹೆಚ್ಚಿದ್ದರೆ ಚಿತ್ರದ ಉದ್ದಕ್ಕೂ, ಎಲ್ಲರ ಮಾತಿಗೂ, ಕಾಲೇಜಿನ ಉಪನ್ಯಾಸಕರ ಮಾತಿಗೂ ಸಮನಾಗಿ ಹಾಕಿ.

ಗರಿಷ್ಠ ಎರಡು ಸಾಲು, ಒಂದು ಸೆಕೆಂಡಿಗಿಂತ ಕಡಿಮೆ ನಿಲ್ಲಬಾರದು, 6–7 ಸೆಕೆಂಡ್ ದಾಟಬಾರದು. ಗಟ್ಟಿಯಾಗಿ ಓದಿ ಮುಗಿಸುವಷ್ಟರಲ್ಲಿ ಮಾಯವಾದರೆ ವಾಕ್ಯ ಚಿಕ್ಕದು ಮಾಡಿ. ಕನ್ನಡಕ್ಕೇ ವಿಶೇಷವಾದ ತೊಂದರೆ ಒತ್ತಕ್ಷರ: ಎರಡು ಸಾಲಿನ ನಡುವಿನ ಜಾಗ ಕಡಿಮೆಯಿದ್ದರೆ ಮೇಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಪ್ರೀಮಿಯರ್‌ನಲ್ಲಿ ಒತ್ತು ಬಿಡಿಬಿಡಿಯಾಗಿ ಬಂದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ‘ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್’ ಆರಿಸಿ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್ ಬೇಡ, ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಬಳಸಿ.

ಯೂಟ್ಯೂಬ್ ರಿಟೆನ್ಷನ್ ಗ್ರಾಫ್ ನೋಡಿ ಎಡಿಟ್ ಮಾಡಬಹುದಾ?

ಜನ ಎಲ್ಲಿಯವರೆಗೆ ನೋಡಿದರು ಎಂದು ತೋರಿಸುವ ಗ್ರಾಫ್ ಅದು. ಹತ್ತು ಹದಿನೈದು ವೀಕ್ಷಣೆಯಲ್ಲಿ ಅದಕ್ಕೆ ಅರ್ಥವಿಲ್ಲ. ಒಬ್ಬರು ಬಸ್ ಬಂತೆಂದು ಎದ್ದರೂ ಗೆರೆ ಧೊಪ್ಪನೆ ಬೀಳುತ್ತದೆ. ನೂರಾರು ಜನ ನೋಡಿದ ಚಿತ್ರವಿದ್ದರೆ ಮುಂದಿನ ಚಿತ್ರಕ್ಕೆ ಪಾಠವಾಗಿ ಬಳಸಿ. ಮೊದಲ ಅರ್ಧ ನಿಮಿಷದ ಕುಸಿತ ಎಲ್ಲ ವಿಡಿಯೊಗೂ ಇರುತ್ತದೆ. ಗಮನಿಸಬೇಕಾದದ್ದು ನಡುವಿನ ಕಡಿದಾದ ಇಳಿತ. ನಡುವೆ ಉಬ್ಬು ಕಂಡರೆ ಹಿಗ್ಗಬೇಡಿ: ಮೆಚ್ಚಿ ಮತ್ತೆ ನೋಡಿರಬಹುದು, ಕೇಳಿಸದೆ ಹಿಂದಕ್ಕೆ ಹೋಗಿರಲೂಬಹುದು.

## ಚಿತ್ರದಲ್ಲಿರುವವರ ಮಾತು

ಚಿತ್ರದಲ್ಲಿರುವವರಿಗೆ ಮುಗಿಯೋ ಮೊದಲೇ ತೋರಿಸಬೇಕಾ? ತಕರಾರು ತೆಗೆದರೆ?

ತೋರಿಸಲೇಬೇಕು. ಅವರು ಹಿಡಿಯುವ ತಪ್ಪನ್ನು ಬೇರೆ ಯಾವ ಪ್ರೇಕ್ಷಕರೂ ಹಿಡಿಯಲಾರರು. ಫ್ರಾನ್ಸಿನ ಸಾಕ್ಷ್ಯಚಿತ್ರಕಾರ ಜ್ಯಾಂ ರೂಶ್ 1951ರಲ್ಲಿ ಪಶ್ಚಿಮ ಆಫ್ರಿಕದ ನೈಜರ್ ನದಿಯಲ್ಲಿ ನೀರಾನೆ ಬೇಟೆಯನ್ನು ಚಿತ್ರಿಸಿ, ಆಮೇಲೆ ಅದನ್ನು ಆ ಬೇಟೆಗಾರರಿಗೇ ತೋರಿಸಿದರು. ರೋಚಕವಾಗಲೆಂದು ಬೇಟೆಯ ದೃಶ್ಯಕ್ಕೆ ಅಲ್ಲಿಯದೇ ಸಂಗೀತ ಹಾಕಿದ್ದರು. ಬೇಟೆಗಾರರು ಒಪ್ಪಲಿಲ್ಲ: ಬೇಟೆಯಲ್ಲಿ ಸದ್ದಿರಬಾರದು, ಈ ಸಂಗೀತ ಕೇಳಿದರೆ ನೀರಾನೆ ಓಡಿಹೋಗುತ್ತದೆ. ಸಾಕ್ಷ್ಯಚಿತ್ರದಲ್ಲಿ ಸಂಗೀತದ ಬಗ್ಗೆ ರೂಶ್ ಅವರ ನಿಲುವೇ ಅಲ್ಲಿಂದ ಬದಲಾಯಿತು.

ನಮ್ಮ ಮಗ್ಗದ ಚಿತ್ರಗಳಲ್ಲೂ ಇದೇ ತಪ್ಪು ನಡೆಯುತ್ತದೆ. ಧ್ವನಿ ಸರಿಯಾಗಿ ಸಿಗದೆ ಇಂಟರ್ನೆಟ್‌ನಿಂದ ‘ಲೂಮ್ ಸೌಂಡ್’ ಇಳಿಸಿ ಹಾಕುತ್ತಾರೆ. ಬಹಳ ಸಲ ಅದು ಪವರ್‌ಲೂಮಿನ ಸದ್ದು: ಒಂದೇ ಲಯ, ಉಸಿರಿಲ್ಲ, ನಿಲುಗಡೆಯಿಲ್ಲ. ಕೈಮಗ್ಗದಲ್ಲಿ ಕಾಲು ತುಳಿಯುತ್ತದೆ, ಲಾಳಿ ಓಡುತ್ತದೆ, ಹಲಗೆ ಬಡಿಯುತ್ತದೆ, ಎಳೆ ತುಂಡಾದರೆ ಎಲ್ಲ ನಿಂತು ಕೈ ಗಂಟು ಹಾಕುತ್ತದೆ. ಬೆಂಗಳೂರಿನ ಎಂಟು ಪ್ರೇಕ್ಷಕರಲ್ಲಿ ಒಬ್ಬರಿಗೂ ಇದು ತಿಳಿಯುವುದಿಲ್ಲ. ನೇಕಾರರಿಗೆ ಮೊದಲ ಸೆಕೆಂಡಿಗೇ ತಿಳಿಯುತ್ತದೆ. ತಮ್ಮ ಅನ್ನ ಕಸಿಯುತ್ತಿರುವ ಯಂತ್ರದ ಸದ್ದನ್ನೇ ತಮ್ಮ ಕೈಯ ಮೇಲೆ ಕೇಳಿಸಿಕೊಳ್ಳುವುದು ಅವರಿಗೆ ಹೇಗಿರುತ್ತದೆ ಎಂದು ಒಂದು ಕ್ಷಣ ಯೋಚಿಸಿ.

ರಫ್ ಕಟ್ ತೋರಿಸಲು ಅವರ ಮನೆಗೇ ಹೋಗಿ, ಇಡೀ ಕುಟುಂಬದೊಂದಿಗೆ ದೊಡ್ಡ ಪರದೆ ಅಥವಾ ಟಿವಿಯಲ್ಲಿ ತೋರಿಸಿ. ಮೊದಲ ಸಲ ಜನ ತಮ್ಮ ಮುಖವನ್ನೇ ನೋಡುತ್ತಾರೆ, ನಗುತ್ತಾರೆ. ಎರಡನೇ ಸಲ ಹಾಕಿ. ತಿದ್ದುಪಡಿಗಳು ಆಗ ಬರುತ್ತವೆ.

ಅವರು ‘ಈ ಮಾತು ತೆಗೀರಿ’ ಅಂದರೆ ತೆಗೀಬೇಕಾ? ಅದೇ ನಮ್ಮ ಚಿತ್ರದ ಜೀವ.

ಮೊದಲು ಯಾಕೆಂದು ಕೇಳಿ. ‘ನಾನು ಚೆನ್ನಾಗಿ ಕಾಣ್ತಿಲ್ಲ’ ಎಂಬುದು ಬೇರೆ, ‘ಸಾಹುಕಾರರು ಇದನ್ನು ನೋಡಿದರೆ ನಾಳೆ ನೂಲು ಕೊಡುವುದಿಲ್ಲ’ ಎಂಬುದು ಬೇರೆ. ಎರಡನೆಯ ಬಗೆಯದಾದರೆ ಮರುಮಾತಿಲ್ಲದೆ ತೆಗೆಯಿರಿ. ನೀವು ಅಂಕ ಪಡೆದು ಹೋಗುತ್ತೀರಿ, ಅವರು ಅದೇ ಊರಿನಲ್ಲಿ ಬದುಕಬೇಕು. ಅದೇ ಸಂಗತಿಯನ್ನು ಹೆಸರು, ಮುಖವಿಲ್ಲದೆ ಹೇಳಲು ಅವರು ಒಪ್ಪುತ್ತಾರೇನೋ ಕೇಳಬಹುದು. ಸಹಿ ಮಾಡಿದ ಒಪ್ಪಿಗೆ ಪತ್ರ ಕೈಯಲ್ಲಿದೆ ಎಂದು ವಾದಿಸಬೇಡಿ.

ಮಕ್ಕಳ ವಿಷಯದಲ್ಲಿ ಕಾನೂನೇ ಇದೆ. ರಕ್ಷಣೆ ಬೇಕಿರುವ ಅಥವಾ ಕಾನೂನಿನ ಸಂಘರ್ಷದಲ್ಲಿರುವ ಮಗುವಿನ ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಅಂಥ ದೃಶ್ಯವನ್ನು ಪರೀಕ್ಷಾ ಪ್ರದರ್ಶನದಲ್ಲೂ ತೋರಿಸಬೇಡಿ.

## ಮತ್ತೆ ಎಡಿಟಿಂಗ್ ಮೇಜಿಗೆ

ಅರವತ್ತು ಕಾಮೆಂಟ್ ಇವೆ. ಎಲ್ಲಿಂದ ಶುರು ಮಾಡೋದು?

ಒಂದು ದಿನ ಏನೂ ಮಾಡಬೇಡಿ. ಬೈಗುಳದ ಬಿಸಿಯೂ ಹೊಗಳಿಕೆಯ ಅಮಲೂ ಇಳಿಯಲಿ. ಮರುದಿನ ಒಂದು ಶೀಟ್‌ನಲ್ಲಿ ನಾಲ್ಕು ಕಾಲಂ ಮಾಡಿ: ಟೈಮ್‌ಕೋಡ್, ಅವರು ಆಡಿದ ಮಾತು (ಅವರದೇ ಪದಗಳಲ್ಲಿ), ಎಷ್ಟು ಜನ ಹೇಳಿದರು, ನಮ್ಮ ಊಹೆಯ ಕಾರಣ. ‘ಪರಿಹಾರ’ದ ಕಾಲಂ ಈಗಲೇ ಬೇಡ. ಪ್ರದರ್ಶನದ ವೇಳೆ ಬರೆದ ಟಿಪ್ಪಣಿಯನ್ನೂ ಇದಕ್ಕೇ ಸೇರಿಸಿ. ಅರವತ್ತು ಕಾಮೆಂಟ್ ಸಾಮಾನ್ಯವಾಗಿ ಹತ್ತು ಹನ್ನೆರಡು ಜಾಗಗಳ ಸುತ್ತ ಗುಂಪುಗೂಡುತ್ತವೆ.

ತಿದ್ದುವುದು ದೊಡ್ಡದರಿಂದ ಚಿಕ್ಕದಕ್ಕೆ: ಮೊದಲು ದೃಶ್ಯಗಳ ಕ್ರಮ, ನಂತರ ಇಡೀ ದೃಶ್ಯ ತೆಗೆಯುವುದು ಅಥವಾ ಸೇರಿಸುವುದು, ಆಮೇಲೆ ದೃಶ್ಯದೊಳಗಿನ ಕಟ್, ಕೊನೆಗೆ ಧ್ವನಿ, ಬಣ್ಣ, ಅಕ್ಷರ. ನಾಳೆ ಕಿತ್ತು ಹಾಕಲಿರುವ ದೃಶ್ಯದ ಬಣ್ಣ ತಿದ್ದುತ್ತಾ ರಾತ್ರಿ ಕಳೆಯುವ ತಂಡಗಳು ಬಹಳ. ಟೈಮ್‌ಲೈನ್ ಕಾಪಿ ಮಾಡಿ ‘ಇಳಕಲ್_ಕಟ್3_ದಿನಾಂಕ’ ಎಂದು ಹೆಸರಿಟ್ಟೇ ಮುಟ್ಟಿ. ‘ಫೈನಲ್’, ‘ಫೈನಲ್ ಫೈನಲ್’ ಎಂಬ ಹೆಸರು ಎಂದೂ ಇಡಬೇಡಿ.

ಹೊಸ ಶಾಟ್ ಬೇಕು ಅಂತಾರೆ, ಮತ್ತೆ ಇಳಕಲ್‌ಗೆ ಹೋಗೋಕೆ ದುಡ್ಡಿಲ್ಲ.

ಮೊದಲು ಹಳೆಯ ಕ್ಲಿಪ್‌ಗಳನ್ನೆಲ್ಲ ಧ್ವನಿ ಮ್ಯೂಟ್ ಮಾಡಿ ಮತ್ತೊಮ್ಮೆ ನೋಡಿ. ಮೊದಲ ಎಡಿಟ್‌ನಲ್ಲಿ ಮಾತಿಗಾಗಿ ಹುಡುಕಿರುತ್ತೀರಿ, ಈಗ ಕಣ್ಣು ಬೇರೆಯದನ್ನು ಕಾಣುತ್ತದೆ. ‘ಕಟ್’ ಎಂದ ಮೇಲೂ ಓಡಿದ ಕ್ಯಾಮೆರಾದ ಕೊನೆಯ ಐದು ಸೆಕೆಂಡ್ ನೋಡಲು ಮರೆಯಬೇಡಿ. ಪ್ರಶ್ನೆ ಮುಗಿಯಿತೆಂದು ಜನ ನಿಜವಾಗಿ ಉಸಿರು ಬಿಡುವುದು ಅಲ್ಲಿ. ಯಾರು ಯಾರಿಗೆ ಏನಾಗಬೇಕು ಎಂಬಂಥ ಗೊಂದಲಕ್ಕೆ ಪರದೆಯ ಮೇಲೆ 3 ಸೆಕೆಂಡ್ ಹೆಸರು, ಸಂಬಂಧ ಬರೆದು ತೋರಿಸಿದರೆ ಸಾಕು. ಮಾತಷ್ಟೇ ಬೇಕಿದ್ದರೆ ಅವರ ಮನೆಯ ಯಾರಾದರೂ ಫೋನಿನಲ್ಲೇ, ಬಾಯಿಯಿಂದ ಒಂದು ಗೇಣು ದೂರದಲ್ಲಿ ಹಿಡಿದು, ಫ್ಯಾನ್ ಆರಿಸಿ ರೆಕಾರ್ಡ್ ಮಾಡಿ ಕಳಿಸಬಹುದು. ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ.

ಗೈಡ್ ಒಂದು ಹೇಳ್ತಾರೆ, ಪ್ರೇಕ್ಷಕರು ಇನ್ನೊಂದು. ಅಂಕ ಗೈಡ್ ಕೈಲಿದೆ.

ಹಾಳೆಗಳನ್ನೇ ಅವರ ಮುಂದಿಡಿ. ‘ನಮಗೆ ಹೀಗೆ ಅನ್ನಿಸ್ತು’ ಎನ್ನುವ ಬದಲು ‘8ರಲ್ಲಿ 5 ಜನಕ್ಕೆ ಇಲ್ಲಿ ಮಗ ಯಾರೆಂದು ತಿಳಿದಿಲ್ಲ’ ಎಂದರೆ ಮಾತುಕತೆಯ ದಾರಿಯೇ ಬದಲಾಗುತ್ತದೆ. ಆಗಲೂ ಒಪ್ಪದಿದ್ದರೆ ಎರಡೂ ರೀತಿ ಕಟ್ ಮಾಡಿ, ಆ ಒಂದೂವರೆ ನಿಮಿಷವನ್ನಷ್ಟೇ ಅಕ್ಕಪಕ್ಕ ತೋರಿಸಿ.

ಯಾವ ಅಭಿಪ್ರಾಯವನ್ನ ಧೈರ್ಯವಾಗಿ ಬಿಡಬಹುದು?

ಬೇರೆಯೇ ಚಿತ್ರ ಮಾಡಿ ಎನ್ನುವುದನ್ನು. ‘ಸರ್ಕಾರದ ಯೋಜನೆಗಳ ಬಗ್ಗೆಯೂ ಹಾಕಿ’, ‘ಕಸೂತಿಯನ್ನೂ ಸೇರಿಸಿ’, ‘ಕೊನೆಗೆ ಒಂದು ಸಂದೇಶ ಇರಲಿ’ ಎಂದು ಒಬ್ಬೊಬ್ಬರೇ ಹೇಳಿದ್ದನ್ನೆಲ್ಲ ಸೇರಿಸಿದರೆ 12 ನಿಮಿಷದ ಕುಟುಂಬದ ಕಥೆ 20 ನಿಮಿಷದ ಇಲಾಖಾ ಚಿತ್ರವಾಗುತ್ತದೆ. ಆದರೆ ಒಬ್ಬರೇ ಹೇಳಿದ್ದು ಎಂಬ ಕಾರಣಕ್ಕೆ ಎಲ್ಲವನ್ನೂ ಬಿಡುವ ಹಾಗಿಲ್ಲ. ಹೆಸರು ತಪ್ಪು, ಊರು ತಪ್ಪು, ಜಾತಿ ಅಥವಾ ಕಸುಬನ್ನು ಹೀಗಳೆಯುವಂತೆ ಕೇಳಿದ ಒಂದು ಪದ: ಇವಕ್ಕೆ ಒಬ್ಬರ ಮಾತೇ ಸಾಕು.

ಎಷ್ಟು ಸುತ್ತು ತೋರಿಸ್ತಾ ಇರೋದು? ಪ್ರತಿ ಸಲ ಹೊಸ ತಪ್ಪು ಹೇಳ್ತಾರೆ.

ಮೂರು ಸಾಕು. ಮೊದಲ ಸುತ್ತಿನಲ್ಲಿ ‘ಅರ್ಥ ಆಗಲಿಲ್ಲ’, ಎರಡನೆಯದರಲ್ಲಿ ‘ಇಲ್ಲಿ ಉದ್ದ, ಅಲ್ಲಿ ಕಮ್ಮಿ’, ಮೂರನೆಯದರಲ್ಲಿ ‘ಆ ಅಕ್ಷರ ಚಿಕ್ಕದಾಯ್ತು’ ಎಂದು ದೂರುಗಳು ಸಣ್ಣದಾಗುತ್ತಾ ಬರಬೇಕು. ಜನ ಚಿತ್ರದ ಕುಂದು ಬಿಟ್ಟು ನೇಕಾರರ ಮಗನ ನಿರ್ಧಾರ ಸರಿಯೋ ತಪ್ಪೋ ಎಂದು ತಮ್ಮತಮ್ಮಲ್ಲೇ ವಾದಿಸತೊಡಗಿದರೆ ಪಿಕ್ಚರ್ ಲಾಕ್ ಮಾಡಿ, ಅಂದರೆ ಇನ್ನು ಯಾವ ಕಟ್ ಅನ್ನೂ ಬದಲಿಸಬೇಡಿ. ಮೂರನೇ ಸುತ್ತಿನಲ್ಲೂ ಮೊದಲ ಪ್ರಶ್ನೆಗೆ ಚದುರಿದ ಉತ್ತರ ಬಂದರೆ ನಾಲ್ಕನೇ ಪ್ರದರ್ಶನ ಬೇಡ; ತಂಡವೇ ಕುಳಿತು ಚಿತ್ರ ಯಾರದ್ದು, ಯಾವುದರ ಬಗ್ಗೆ ಎಂದು ಒಂದು ವಾಕ್ಯ ಬರೆದು, ಕಾಗದದ ಮೇಲೆ ದೃಶ್ಯಗಳನ್ನು ಹೊಸದಾಗಿ ಜೋಡಿಸಿ.

ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಫೀಡ್‌ಬ್ಯಾಕ್ ಬಗ್ಗೆ ಏನು ಬರೀಬೇಕು? ‘ಪ್ರೇಕ್ಷಕರಿಂದ ಉತ್ತಮ ಪ್ರತಿಕ್ರಿಯೆ ಬಂತು’ ಸಾಕಾ?

ಆ ವಾಕ್ಯಕ್ಕೆ ಅಂಕ ಕೊಡಲು ಪರೀಕ್ಷಕರಿಗೂ ಕಷ್ಟ. ಯಾರಿಗೆ, ಎಷ್ಟು ಜನರಿಗೆ, ಯಾವ ಕಟ್ ತೋರಿಸಿದಿರಿ; ಮೂರೋ ನಾಲ್ಕೋ ಮುಖ್ಯ ಬದಲಾವಣೆ; ಉದ್ದೇಶಪೂರ್ವಕವಾಗಿ ಬಿಟ್ಟ ಒಂದು ಸಲಹೆ ಮತ್ತು ಅದಕ್ಕೆ ಕಾರಣ. ಪ್ರತಿ ಬದಲಾವಣೆಗೂ ಹಿಂದಿನ ಮತ್ತು ಈಗಿನ ಫ್ರೇಮ್‌ನ ಚಿತ್ರ ಅಂಟಿಸಿ. ಒಂದು ನಮೂದು ಹೀಗಿದ್ದರೆ ಸಾಕು:

‘ಕಟ್ 2, 02:50. 8ರಲ್ಲಿ 5 ಜನ: “ದಾರ ಏನು ಮಾಡ್ತಿದ್ದಾರೆ ತಿಳೀಲಿಲ್ಲ.” ಕಾರಣ: ಕೊಂಡಿ ಹಾಕುವುದು ದೂರದ ಶಾಟ್‌ನಲ್ಲಿ 4 ಸೆಕೆಂಡ್ ಮಾತ್ರ ಇತ್ತು, ಮೇಲೆ ನಿರೂಪಣೆ ಇತ್ತು. ಬದಲಾವಣೆ: ನಿರೂಪಣೆ ತೆಗೆದು 12 ಸೆಕೆಂಡಿನ ಹತ್ತಿರದ ಶಾಟ್, ಮಗ್ಗದ ಮನೆಯದೇ ಧ್ವನಿ. ಕಟ್ 3, ಹೊಸ 8 ಜನ: ಈ ಜಾಗದಲ್ಲಿ ದೂರಿಲ್ಲ, 3 ಜನ ನೆನಪಿನಲ್ಲಿ ಉಳಿದ ದೃಶ್ಯವೆಂದು ಇದನ್ನೇ ಬರೆದಿದ್ದಾರೆ.’